ಪದಚರ್ಚೆ: ಗಿಟಾರಿನ ‘ನಟ್’ಗೆ ಕನ್ನಡದಲ್ಲಿ ಏನನ್ನೋಣ? ಶುಕ್ರವಾರದೊಳಗೆ ಬೇಕು

ಸೋಮವಾರ ಬೆಳಿಗ್ಗೆ, ಮೈಸೂರಿನಿಂದ

ಎಲ್ಲರಿಗೂ ನಮಸ್ಕಾರ.

ನಮ್ಮ ಮನೆಯ ಹಿತ್ತಲಲ್ಲಿ ಒಂದು ಶೀಟಿನ ಶೆಡ್ ಇದೆ. ಅಲ್ಲಿ ಗಿಟಾರ್ ಮಾಡುತ್ತೇನೆ, ಹಾಳಾದ ಗಿಟಾರ್ ರಿಪೇರಿನೂ ಮಾಡುತ್ತೇನೆ. ಇಷ್ಟು ವರ್ಷ ಬೋರ್ಡ್ ಇರಲಿಲ್ಲ, ಒಬ್ಬರಿಗೊಬ್ಬರು ಹೇಳಿ ಬಂದವರೇ ಗಿರಾಕಿಗಳು. ಈಗ ಗೇಟಿಗೆ ಒಂದು ಬೋರ್ಡ್ ಹಾಕಿಸುತ್ತಿದ್ದೇನೆ. ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಅಂತ 2024ರಲ್ಲಿ ತಿದ್ದುಪಡಿ ಆಗಿರುವುದು ಎಲ್ಲರಿಗೂ ಗೊತ್ತೇ ಇದೆ. ನನಗೆ 60 ಸಾಲದು, ಪೂರ್ತಿ ಕನ್ನಡದಲ್ಲೇ ಬೇಕು. ಬರೆಯುವವರು ಶುಕ್ರವಾರ ಬೆಳಿಗ್ಗೆ ಬರುತ್ತಾರೆ. ಜೊತೆಗೆ ರಿಪೇರಿ ಚೀಟಿಯ ಪುಸ್ತಕವನ್ನೂ ಅಚ್ಚು ಹಾಕಿಸಬೇಕು. ತೊಂದರೆ ಬಂದಿರುವುದು ಈ ಚೀಟಿಯಲ್ಲೇ.

ಹೋದ ತಿಂಗಳು ಹಾಸ್ಟೆಲಿನ ಹುಡುಗನೊಬ್ಬ ಗಿಟಾರ್ ತಂದುಕೊಟ್ಟ. ‘ನಟ್ ಬದಲಿ, 450 ರೂ.’ ಅಂತ ಚೀಟಿ ಬರೆದುಕೊಟ್ಟೆ. ಅವನು ಅದರ ಫೋಟೊ ತೆಗೆದು ಊರಿಗೆ ಕಳಿಸಿದ್ದಾನೆ. ಸಂಜೆ ಅವನ ತಂದೆ ಫೋನ್ ಮಾಡಿದರು. “ಏನ್ ಸ್ವಾಮಿ, ಒಂದು ನಟ್ಟಿಗೆ ನಾನೂರೈವತ್ತಾ? ಟ್ರ್ಯಾಕ್ಟರಿನ ನಟ್ಟೇ ಹತ್ತು ರೂಪಾಯಿಗೆ ಸಿಗುತ್ತಲ್ಲ” ಅಂದರು. ಅವರ ಸಿಟ್ಟು ನ್ಯಾಯವಾದದ್ದೇ. ಕನ್ನಡದಲ್ಲಿ ನಟ್ಟು ಅಂದರೆ ಬೋಲ್ಟಿನ ನಟ್ಟು. ಬೇರೆ ಅರ್ಥವೇ ಇಲ್ಲ. ಹತ್ತು ನಿಮಿಷ ಬಿಡಿಸಿ ಹೇಳಿದೆ. ಆದರೂ ನಾನು ಅವರ ಮಗನಿಗೆ ಮೋಸ ಮಾಡುತ್ತಿದ್ದೇನೆ ಅನ್ನೋ ಅನುಮಾನ ಅವರ ಮಾತಿನಲ್ಲಿ ಹಾಗೇ ಉಳಿಯಿತು. ನನಗೆ ತುಂಬಾ ಬೇಜಾರಾಯಿತು.

ವಸ್ತು ಏನು ಅಂತ ಹೇಳುತ್ತೇನೆ. ಗಿಟಾರಿನ ತಲೆಯೂ ಕುತ್ತಿಗೆಯೂ ಸೇರುವ ಕಡೆ ಅಡ್ಡಲಾಗಿ ಒಂದು ಚಿಕ್ಕ ಬಿಳಿ ಪಟ್ಟಿ ಕೂತಿರುತ್ತೆ, ಅದು. ನೈಲಾನ್ ತಂತಿಯ ಗಿಟಾರಿನಲ್ಲಿ ಸುಮಾರು 52 ಮಿ.ಮೀ. ಉದ್ದ, ಐದಾರು ಮಿ.ಮೀ. ದಪ್ಪ. ಮೇಲೆ ಆರು ಗೀರು, ಒಂದೊಂದರಲ್ಲಿ ಒಂದೊಂದು ತಂತಿ. ನಾನು ದನದ ಮೂಳೆಯಲ್ಲಿ ಮಾಡುತ್ತೇನೆ. ಅರದಲ್ಲಿ ಉಜ್ಜಿ ತಳ ಮಟ್ಟ ಮಾಡಬೇಕು, ಆಮೇಲೆ ಗೀರು. ಗೀರು ಒಂದು ಕೂದಲೆಳೆಯಷ್ಟು ಜಾಸ್ತಿ ಆಳ ಹೋದರೂ ತಂತಿ ಮೊದಲನೇ ಫ್ರೆಟ್ಟಿಗೆ (ಕುತ್ತಿಗೆಯ ಮೇಲೆ ಅಡ್ಡಲಾಗಿ ಹಾಕಿರುವ ಲೋಹದ ತಂತಿಗೆ) ತಾಗಿ ಜುಯ್ ಅನ್ನುತ್ತೆ. ಆಗ ಆ ಪಟ್ಟಿ ಎಸೆದು ಮತ್ತೆ ಮೊದಲಿಂದ. ಎರಡು ಗಂಟೆಯ ಕೆಲಸ ಇದು. 450 ರೂಪಾಯಿ ಆ ಕೆಲಸಕ್ಕೆ.

ಹಾಗಾಗಿ ‘ನಟ್’ ಮುಖ್ಯ. ಆಮೇಲೆ ಆ ಕಡೆ ತುದಿಯ ಬ್ರಿಡ್ಜ್, ಅದರ ಮೇಲೆ ಕೂರುವ ಸ್ಯಾಡಲ್, ಫ್ರೆಟ್, ಸವೆದ ಫ್ರೆಟ್ ಕಿತ್ತು ಹೊಸದು ಹಾಕುವ ಕೆಲಸ, ಹಲಗೆಯ ಒಳಗೆ ಅಂಟಿಸುವ ಬ್ರೇಸ್. ಇವಕ್ಕೂ ಯಾರಾದರೂ ಹೇಳಿದರೆ ಉಪಕಾರ. ಕೊನೆಗೆ ನನ್ನ ಕಸುಬಿಗೆ ಒಂದು ಹೆಸರು. ಇಂಗ್ಲಿಷಿನವರು ಲೂಥಿಯರ್ ಅನ್ನುತ್ತಾರೆ. ನನ್ನನ್ನು ಏನನ್ನಬೇಕು?

ಸೋಮವಾರ ಮಧ್ಯಾಹ್ನ, ಬೆಂಗಳೂರಿನಿಂದ

ನಟ್: ತಂತುಧಾರಕ. ಸ್ಯಾಡಲ್: ತಂತುಪೀಠ. ಬ್ರಿಡ್ಜ್: ಸೇತು. ಫ್ರೆಟ್: ಸಾರಿಕೆ. ಲೂಥಿಯರ್: ತಂತುವಾದ್ಯಶಿಲ್ಪಿ.

ಸಾರಿಕೆ ನಾನು ಕಟ್ಟಿದ್ದಲ್ಲ, ಸಂಗೀತಶಾಸ್ತ್ರದ ಹಳೆಯ ಪುಸ್ತಕಗಳಲ್ಲಿ ಇದೆ. ಮಿಕ್ಕವನ್ನು ಒಂದೇ ಬೇರಿನಿಂದ ಕಟ್ಟಿದ್ದೇನೆ. ಹೀಗೆ ಮಾಡಿದರೆ ಒಂದಕ್ಕೊಂದು ಹೊಂದುತ್ತವೆ, ನಾಳೆ ಇನ್ನೊಂದು ಭಾಗಕ್ಕೆ ಹೆಸರು ಬೇಕಾದರೂ ಕಷ್ಟವಿಲ್ಲ. ಬೋರ್ಡಿನಲ್ಲಿ ‘ರಿಪೇರಿ’ ಅಂತ ಬರೆಸಬೇಡಿ, ‘ದುರಸ್ತಿ’ ಅಂತ ಕನ್ನಡದಲ್ಲೇ ಬರೆಸಿ.

ಸೋಮವಾರ ಸಂಜೆ, ಶಿವಮೊಗ್ಗದಿಂದ

ತಂತುಧಾರಕ ಯಾರಿಗೆ ಬೇಕು? ಆ ಟ್ರ್ಯಾಕ್ಟರಿನವರಿಗೆ ಈ ಮಾತು ಓದಿ ಹೇಳಿ ನೋಡಿ. ನಟ್ಟೇ ವಾಸಿ ಅನ್ನುತ್ತಾರೆ.

ಮೊದಲು ನಮ್ಮ ಬೇರು ಹುಡುಕಬೇಕು. ಸಿಕ್ಕದಿದ್ದರೆ ಮಾತ್ರ ಹೊರಗೆ ಹೋಗಬೇಕು. ತಂತಿ ಮೂಲದಲ್ಲಿ ನಮ್ಮದಲ್ಲ. ‘ನರ’ ನಮ್ಮದು, ತಮಿಳಿನಲ್ಲೂ ನರಂಬು ಇದೆ. ಹಳೆಯ ಗಿಟಾರುಗಳಿಗೆ ಕಟ್ಟುತ್ತಿದ್ದದ್ದೂ ಕರುಳಿನ ನರವೇ, ನೈಲಾನ್ ಬಂದದ್ದು 1940ರ ದಶಕದಲ್ಲಿ. ನರ ಹಾಯುವ ಕಟ್ಟೆ, ನರಗಟ್ಟೆ. ಮುಗಿಯಿತು. ಶಿಲ್ಪಿ ಬೇಡ. -ಗಾರ ಕೂಡ ಬೇಡ, ಅದು -ಕಾರದಿಂದ ಬಂದದ್ದು. ನಮಗೆ -ಇಗ ಇದೆ: ಗಾಣಿಗ, ಒಕ್ಕಲಿಗ, ಲೆಕ್ಕಿಗ. ಹಾಗೇ ‘ಗಿಟಾರಿಗ’.

ಮಂಗಳವಾರ ಬೆಳಿಗ್ಗೆ, ಧಾರವಾಡದಿಂದ

ಶಿವಮೊಗ್ಗದವರ ‘ಗಿಟಾರಿಗ’ ನಿಲ್ಲೋದಿಲ್ಲ. ಗಾಣಿಗ ಗಾಣ ಮಾಡುವವನಲ್ಲರೀ, ಗಾಣ ಆಡಿಸುವವನು. ಗಾಣ ಮಾಡಿಕೊಡುವವನು ಬಡಗಿ. ಆ ಲೆಕ್ಕದಲ್ಲಿ ಗಿಟಾರಿಗ ಅಂದರೆ ಬಾರಿಸುವವನು. ನಮ್ಮ ಗೆಳೆಯರ ಗೇಟಿನ ಮುಂದೆ ಮಕ್ಕಳು ಪಾಠಕ್ಕೆ ಬಂದು ನಿಲ್ಲುತ್ತವೆ. ಮತ್ತೆ ಲೆಕ್ಕಿಗದಲ್ಲಿರುವ ಲೆಕ್ಕ ‘ಲೇಖ್ಯ’ದಿಂದ ಬಂದದ್ದು, ಉದಾಹರಣೆ ಕೊಡುವಾಗ ನೋಡಿ ಕೊಡಬೇಕು. ಬಡಗಿಯೂ ‘ವರ್ಧಕಿ’ಯ ತದ್ಭವ. ಅಂದಮೇಲೆ ಬಡಗಿಯನ್ನೂ ಹೊರಗೆ ಹಾಕುತ್ತೀರಾ?

ಬೆಂಗಳೂರಿನವರಿಗೆ ಒಂದೇ ಮಾತು. ದುರಸ್ತಿ ಪಾರಸಿಯದು. ರಿಪೇರಿ ಇಂಗ್ಲಿಷಿನದು. ಎರಡೂ ಹೊರಗಿನವೇ, ಒಂದು ಮೊದಲು ಬಂತು, ಇನ್ನೊಂದು ಆಮೇಲೆ ಬಂತು, ಅಷ್ಟೇ.

ಈಗ ನನಗೆ ನಿಜವಾಗಿ ಹೇಳಬೇಕಿರುವುದು ಬ್ರಿಡ್ಜ್ ಬಗ್ಗೆ. ‘ಸೇತು’ ಅನ್ನೋದು ಇಂಗ್ಲಿಷ್ ಮಾತನ್ನು ಸುಮ್ನೆ ಮಗುಚಿ ಹಾಕಿದ್ದು. ವೀಣೆಯಲ್ಲೂ ಪಿಟೀಲಿನಲ್ಲೂ ತಂತಿಯನ್ನು ಹೊತ್ತು ನಿಲ್ಲುವ ತುಂಡಿಗೆ ನಾವು ಕುದುರೆ ಅನ್ನುತ್ತೇವೆ. ತಮಿಳರು ಕುದಿರೈ ಅನ್ನುತ್ತಾರೆ. ಸಿತಾರಿನವರು ಘೋಡಿ ಅನ್ನುತ್ತಾರೆ. ಇಷ್ಟೇ ಆಗಿದ್ದರೆ ಅಕ್ಕಪಕ್ಕದವರು ಒಬ್ಬರಿಂದೊಬ್ಬರು ಕಲಿತರು ಅನ್ನಬಹುದಿತ್ತು. ಆದರೆ ಫ್ರೆಂಚಿನವರು ಅದಕ್ಕೆ ‘ಶವಲೆ’ ಅನ್ನುತ್ತಾರೆ, ಮೂಲ ಅರ್ಥ ಚಿಕ್ಕ ಕುದುರೆ! ಭಾರ ಹೊರುವುದನ್ನು ಕಂಡ ಕೂಡಲೇ ಅವರಿಗೂ ಕುದುರೆಯೇ ಹೊಳೆದಿದೆ, ನಮಗೂ ಕುದುರೆಯೇ ಹೊಳೆದಿದೆ. ಇಂಥ ಮಾತು ಕೈಯಲ್ಲಿರುವಾಗ ಸೇತುವೆ ಕಟ್ಟಲು ಹೋಗೋದು ಯಾಕೆ?

ಕುದುರೆ ಅಂತ ಒಪ್ಪಿದರೆ ಸ್ಯಾಡಲ್ ತಾನಾಗಿಯೇ ಬಂತು. ಕುದುರೆಯ ಮೇಲೆ ಜೀನು. ಇಂಗ್ಲಿಷಿನವರ ಹತ್ತಿರ ಜೀನು ಇದೆ, ಅದರ ಕೆಳಗೆ ಕುದುರೆ ಇಲ್ಲ. ನಮ್ಮ ಹತ್ತಿರ ಕುದುರೆ ಇದೆ, ಜೀನು ಹಾಕಿರಲಿಲ್ಲ.

ಇನ್ನು ಲೂಥಿಯರ್. ಫ್ರೆಂಚಿನಲ್ಲಿ ಲೂತ್ ಅಂದರೆ ಲ್ಯೂಟ್ ವಾದ್ಯ. ಅದು ಬಂದದ್ದು ಅರಬ್ಬಿಯ ‘ಅಲ್ ಊದ್’ನಿಂದ. ಊದ್ ಅಂದರೆ ಮರ, ಕಟ್ಟಿಗೆ. ಅಂದರೆ ಆ ದೊಡ್ಡ ಹೆಸರಿನ ಬುಡದಲ್ಲಿರುವುದು ಮರವೇ. ‘ಗಿಟಾರ್ ಬಡಗಿ’ ಅಂತ ಬರೆಸಿದರೆ ನಿಮ್ಮ ಮರ್ಯಾದೆ ಕಮ್ಮಿ ಆಗೋದಿಲ್ಲ.

ಮಂಗಳವಾರ ಬೆಳಿಗ್ಗೆ, ಶಿವಮೊಗ್ಗದಿಂದ

ಕುದುರೆ ಒಪ್ಪಿದೆ. ಅಪ್ಪಟ ನಮ್ಮದು. ಜೀನು ಪಾರಸಿ, ಒಪ್ಪಲ್ಲ. ಹಳಗನ್ನಡದಲ್ಲಿ ‘ಹಲ್ಲಣ’ ಇದೆ.

ಮಂಗಳವಾರ ಮಧ್ಯಾಹ್ನ, ಧಾರವಾಡದಿಂದ

ಹಲ್ಲಣ ‘ಪಲ್ಯಾಣ’ದಿಂದ ಬಂದದ್ದು. ಅದೂ ಸಂಸ್ಕೃತದ್ದೇ. ಪಾರಸಿ ಬಿಟ್ಟು ಸಂಸ್ಕೃತ ಹಿಡಿದಂತಾಯಿತು, ಅದೂ ಈಗ ಯಾರ ಬಾಯಲ್ಲೂ ಇಲ್ಲದ್ದನ್ನು.

ಮಂಗಳವಾರ ರಾತ್ರಿ, ಬೆಂಗಳೂರಿನಿಂದ (ಬೇರೊಬ್ಬರು)

ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ನಮ್ಮ ತಂದೆ ವೀಣೆ, ತಂಬೂರಿ ರಿಪೇರಿ ಮಾಡುತ್ತಿದ್ದರು. ನಾನು ಆ ಅಂಗಳದಲ್ಲೇ ಬೆಳೆದವಳು. ಇಲ್ಲಿ ಹೊಸದಾಗಿ ಹುಟ್ಟಿಸುತ್ತಿರುವ ಹೆಸರುಗಳಲ್ಲಿ ಅರ್ಧಕ್ಕರ್ಧ ನಮ್ಮ ಮನೆಯಲ್ಲಿ ದಿನಾ ಓಡಾಡುತ್ತಿದ್ದವು.

ತಂತಿ ಬಿಗಿ ಮಾಡಲು ತಿರುಪುವ ಗೂಟ ಬಿರಡೆ. ಸೀಸೆಯ ಬಾಯಿಗೆ ಹಾಕುವುದಕ್ಕೂ ಬಿರಡೆ ಅನ್ನುತ್ತೇವಲ್ಲ, ಅದೇ ಮಾತು. ತೂತಿನಲ್ಲಿ ಬಿಗಿಯಾಗಿ ಕೂರಬೇಕು, ಎರಡಕ್ಕೂ ಗುಣ ಒಂದೇ. ಕುತ್ತಿಗೆ ದಂಡಿ. ಕೊಡದ ಮೇಲೆ ಮುಚ್ಚುವುದು ಹಲಗೆ. ತಂತಿ ಹೊರುವುದು ಕುದುರೆ. ಫ್ರೆಟ್ಟಿಗೆ ಮೆಟ್ಟಿಲು ಅಂತಲೂ ಮೆಟ್ಟು ಅಂತಲೂ ಅನ್ನುತ್ತಿದ್ದರು. ಸಾರಿಕೆ ಅಂತ ನಮ್ಮ ತಂದೆಯ ಬಾಯಲ್ಲಿ ಒಂದು ದಿನವೂ ಕೇಳಿಲ್ಲ.

ನೀವು ಕೇಳಿದ ‘ನಟ್’ಗೂ ಹೆಸರಿದೆ. ಮೇರು. ದಂಡಿಯ ತಲೆಯ ಕಡೆ, ಬಿರಡೆಗಳಿಂದ ಇಳಿದ ತಂತಿ ಮೊದಲು ಒರಗುವ ಜಾಗ. ಜಪಮಾಲೆಯಲ್ಲಿ ದೊಡ್ಡ ಮಣಿಗೂ ಮೇರು ಅನ್ನುತ್ತೇವೆ. ಎಣಿಕೆ ಅಲ್ಲಿಂದ ಶುರು, ಅದನ್ನು ದಾಟುವ ಹಾಗಿಲ್ಲ. ತಂತಿಯಲ್ಲೂ ಹಾಗೇ. ಮೇರುವಿನಿಂದ ಆಚೆ ಬಿರಡೆಯ ಕಡೆ ಇರುವ ತಂತಿ ಸ್ವರದ ಲೆಕ್ಕಕ್ಕೆ ಬರೋದಿಲ್ಲ.

ಸವೆದ ಮೆಟ್ಟಿಲು ತೆಗೆದು ಹೊಸದಾಗಿ ಕೂರಿಸುವುದಕ್ಕೆ ‘ಮೇಳ ಕಟ್ಟುವುದು’ ಅನ್ನುತ್ತಿದ್ದರು. ಅದನ್ನು ನೋಡುವುದು ನನಗೆ ಬಹಳ ಇಷ್ಟ. ಜೇನುಮೇಣಕ್ಕೆ ಕಪ್ಪು ಕಲಸಿ ಬಿಸಿ ಮಾಡುತ್ತಿದ್ದರು, ಮನೆಯೆಲ್ಲಾ ಅದೇ ವಾಸನೆ. ದಂಡಿಯ ಎರಡು ಅಂಚಿಗೂ ಆ ಮೇಣ ಹತ್ತಿಸಿ ದಿಣ್ಣೆ ಮಾಡಿ, ಅದು ಇನ್ನೂ ಮೆತ್ತಗಿರುವಾಗಲೇ ಮೆಟ್ಟಿಲನ್ನು ಒಂದೊಂದಾಗಿ ಒತ್ತಿ ಕೂರಿಸುತ್ತಿದ್ದರು. ಇಪ್ಪತ್ತನಾಲ್ಕು ಮೆಟ್ಟಿಲು. ಒಂದು ಕೂರಿಸಿ ತಂತಿ ಮೀಟಿ ಕಿವಿ ದಂಡಿಗೆ ಹತ್ತಿರ ತರುವರು, ಹೆಬ್ಬೆರಳಲ್ಲಿ ಒಂದು ಎಳ್ಳಿನಷ್ಟು ಸರಿಸುವರು, ಮತ್ತೆ ಮೀಟುವರು. ನಾವು ಮಕ್ಕಳು ಆಗ ಮಾತಾಡುವ ಹಾಗಿರಲಿಲ್ಲ. ಒಲೆ ಮೇಲಿನ ಕುಕ್ಕರ್ ಕೂಡ ಕೂಗಬಾರದು ಅಂತ ಅಮ್ಮ ಅಡುಗೆಯನ್ನೇ ತಡ ಮಾಡುತ್ತಿದ್ದರು.

ಇದು ನಿಘಂಟು ನೋಡಿ ಬರೆದದ್ದಲ್ಲ. ಕೇಳಿದ್ದನ್ನು ಬರೆದಿದ್ದೇನೆ.

ಬುಧವಾರ ಬೆಳಿಗ್ಗೆ, ಮೈಸೂರಿನಿಂದ

ಮೇಡಂ, ನಿಮಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು. ನಾನು ಇರುವ ಊರಿನಲ್ಲೇ ವೀಣೆ ಮಾಡುವವರಿದ್ದಾರೆ. ಹೋಗಿ ಕೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಗಿಟಾರ್ ಬೇರೆ, ವೀಣೆ ಬೇರೆ ಅಂದುಕೊಂಡುಬಿಟ್ಟಿದ್ದೆ.

ಮೇರು ಓದಿದ ಮೇಲೆ ನಿನ್ನೆ ರಾತ್ರಿ ಶೆಡ್ಡಿಗೆ ಹೋದೆ. ಅರ್ಧ ಆಗಿರುವ ಒಂದು ಗಿಟಾರ್ ಮೇಜಿನ ಮೇಲಿತ್ತು. ಮೇರುವಿನಿಂದ ಕುದುರೆಯ ಜೀನಿನವರೆಗೆ 650 ಮಿ.ಮೀ. ಸ್ಪೇನಿನ ಆಂಟೋನಿಯೊ ದೆ ತೊರೆಸ್ ಮಾಡಿದ ಗಿಟಾರುಗಳಿಂದ ನೆಲೆ ನಿಂತ ಅಳತೆ ಅದು, ಅವರು ತೀರಿಕೊಂಡದ್ದು 1892ರಲ್ಲಿ. ಮೆಟ್ಟಿಲುಗಳ ಜಾಗ ಗುರುತಿಸಲು ನಾವು ಬಳಸುವ ಸಂಖ್ಯೆ 17.817. ಈ 650ನ್ನು ಅದರಿಂದ ಭಾಗಿಸಿದರೆ 36.5 ಮಿ.ಮೀ. ಹತ್ತಿರ ಬರುತ್ತೆ. ಅಲ್ಲಿ ಮೊದಲನೇ ಮೆಟ್ಟಿಲು. ಉಳಿದ ಉದ್ದವನ್ನು ಮತ್ತೆ 17.817ರಿಂದ ಭಾಗಿಸಿದರೆ ಎರಡನೆಯದು. ಹೀಗೇ ಹೋದರೆ ಹನ್ನೆರಡನೆಯದು ಸರಿಯಾಗಿ 325ಕ್ಕೆ, ಅರ್ಧಕ್ಕೆ ಬಂದು ಕೂರುತ್ತೆ. ಈ ಎಲ್ಲಾ ಅಳತೆಗೂ ಸ್ಕೇಲಿನ ಸೊನ್ನೆ ಇಡುವುದು ಎಲ್ಲಿ? ಆ ಮೂಳೆಪಟ್ಟಿಯ ಅಂಚಿಗೆ. ಎಣಿಕೆ ಅಲ್ಲಿಂದಲೇ ಶುರು. ಜಪಮಾಲೆಯ ಮಾತು ಎಷ್ಟು ಸರಿಯಾಗಿ ಕೂರುತ್ತೆ ಅಂತ ಅಲ್ಲೇ ನಿಂತು ಎರಡು ಸಲ ಅಳೆದು ನೋಡಿದೆ. ನಟ್ ಅನ್ನೋ ಮಾತಿನಲ್ಲಿ ಇದು ಯಾವುದೂ ಇಲ್ಲ.

‘ಮೇಳ ಕಟ್ಟುವುದು’ ಮಾತ್ರ ನನಗೆ ಅನುಮಾನ. ಮಾತು ಚೆನ್ನಾಗಿದೆ, ಆಸೆಯೂ ಆಗುತ್ತೆ. ಆದರೆ ನಿಮ್ಮ ತಂದೆ ಕಿವಿಯಿಂದ ಜಾಗ ಹುಡುಕುತ್ತಿದ್ದರು. ನನ್ನ ಕೆಲಸದಲ್ಲಿ ಜಾಗ ಮೊದಲೇ ಗರಗಸದಲ್ಲಿ ಕೊಯ್ದು ಆಗಿರುತ್ತೆ. ಗಿಟಾರಿನ ಮೆಟ್ಟಿಲು ಜರ್ಮನ್ ಸಿಲ್ವರ್ ತಂತಿ, ಅಡ್ಡ ಕೊಯ್ದು ನೋಡಿದರೆ ಇಂಗ್ಲಿಷಿನ ಟಿ ಅಕ್ಷರದ ಹಾಗೆ. ಕೆಳಗಿನ ಕಾಲಿಗೆ ಸಣ್ಣ ಸಣ್ಣ ಮುಳ್ಳು, ಅದು ಸೀಳಿನಲ್ಲಿ ಕಚ್ಚಿಕೊಳ್ಳುತ್ತೆ. ಹಳೆಯದು ತೆಗೆಯುವಾಗ ಸೋಲ್ಡರಿಂಗ್ ಕಡ್ಡಿಯಿಂದ ಬಿಸಿ ಮಾಡಿ ಇಕ್ಕಳದಲ್ಲಿ ನಿಧಾನವಾಗಿ ಎತ್ತಬೇಕು, ಆತುರಪಟ್ಟರೆ ಮರದ ಚೂರು ಎದ್ದು ಬರುತ್ತೆ. ಹೊಸದು ಹೊಡೆದು ಕೂರಿಸಿದ ಮೇಲೆ ಉದ್ದನೆಯ ಅರದಿಂದ ಎಲ್ಲಾ ತಲೆಗಳನ್ನೂ ಒಂದೇ ಮಟ್ಟಕ್ಕೆ ತರಬೇಕು. ಇದರಲ್ಲಿ ಸರಿಸುವುದು ಅನ್ನೋದೇ ಇಲ್ಲ. ಹಾಗಿರುವಾಗ ‘ಮೇಳ ಕಟ್ಟಲಾಗುವುದು’ ಅಂತ ಚೀಟಿಯಲ್ಲಿ ಬರೆದರೆ ವೀಣೆ ಗೊತ್ತಿರುವವರಿಗೆ ಸುಳ್ಳು ಹೇಳಿದ ಹಾಗೆ ಆಗುತ್ತೆ. ‘ಹೊಸ ಮೆಟ್ಟಿಲು ಹಾಕುವುದು’ ಅಂತ ಬರೆಸುತ್ತೇನೆ.

ಬ್ರೇಸ್ ಇನ್ನೂ ಬಾಕಿ. ಹಲಗೆ ಮೂರು ಮಿ.ಮೀ. ಕೂಡ ದಪ್ಪ ಇರೋದಿಲ್ಲ, ಒಳಗಿನಿಂದ ಆ ಪಟ್ಟಿಗಳು ಹಿಡಿದುಕೊಂಡಿಲ್ಲದಿದ್ದರೆ ತಂತಿಯ ಎಳೆತಕ್ಕೆ ಹೊಟ್ಟೆ ಬಂದುಬಿಡುತ್ತೆ. ಮಳೆಗಾಲದಲ್ಲಿ ಮಡಿಕೇರಿ ಕಡೆಯಿಂದ ಬರುವ ಗಿಟಾರುಗಳಲ್ಲಿ ಇದೇ ರೋಗ ಜಾಸ್ತಿ. ತೇವಕ್ಕೆ ಹಲಗೆ ಉಬ್ಬಿರುತ್ತೆ, ಒಳಗೆ ಒಂದು ಪಟ್ಟಿ ಬಿಟ್ಟುಕೊಂಡಿರುತ್ತೆ.

ಬುಧವಾರ ಬೆಳಿಗ್ಗೆ, ಧಾರವಾಡದಿಂದ

ಅದು ಜಂತಿ. ನಮ್ಮ ಕಡೆ ಮಣ್ಣಿನ ಮಾಳಿಗೆಯ ಕೆಳಗೆ ಸಾಲಾಗಿ ಇರುವ ಮರ. ನಿಮ್ಮ ಕಡೆ ಜಂತೆ ಅನ್ನುತ್ತೀರಿ. ತೊಲೆ ಅನ್ನಬೇಡಿ, ತೊಲೆ ದೊಡ್ಡದು.

ಬುಧವಾರ ಮಧ್ಯಾಹ್ನ, ಶಿವಮೊಗ್ಗದಿಂದ

ಮೇರು ಸಂಸ್ಕೃತ. ದಂಡಿ ಸಂಸ್ಕೃತ. ಮೇಳ ಸಂಸ್ಕೃತ. ಬಿರಡೆ, ಕುದುರೆ, ಮೆಟ್ಟಿಲು ನಮ್ಮವು. ಮೂರು ಉಳಿದವು, ಮೂರು ಹೋದವು. ಎಲ್ಲರೂ ಚಪ್ಪಾಳೆ ಹೊಡೆಯುತ್ತಿದ್ದೀರಿ.

ಧಾರವಾಡದವರು ‘ಎಲ್ಲವೂ ಹೊರಗಿನದೇ’ ಅಂತ ತೋರಿಸಿ ಬಾಯಿ ಮುಚ್ಚಿಸುವುದು ನನಗೆ ಹಿಡಿಸುವುದಿಲ್ಲ. ಯಾಕೆ ಅಂತ ಹೇಳುತ್ತೇನೆ. ನಮ್ಮೂರಿನಲ್ಲಿ ಬಡಗಿಯೊಬ್ಬರಿದ್ದರು. ಅವರ ಹತ್ತಿರ ಕೀಸುಳಿ, ಬಾಚಿ, ಬೈರಿಗೆ, ಕೊಡತಿ ಎಲ್ಲಾ ಇತ್ತು. ಅವರ ಮೊಮ್ಮಗನೂ ಮರಗೆಲಸವನ್ನೇ ಮಾಡುತ್ತಾನೆ, ಒಳ್ಳೆಯ ಕೆಲಸಗಾರ. ಹೋದ ವರ್ಷ ಬಾಗಿಲು ಮಾಡಿಸುವಾಗ “ಕೀಸುಳಿ ಇದೆಯಾ” ಅಂದೆ. ಅವನಿಗೆ ಮಾತೇ ಗೊತ್ತಿಲ್ಲ. ಕೀಸುವ ಉಳಿ ಕೀಸುಳಿ. ಮಾತು ಕೇಳಿದರೇ ಕೆಲಸ ಕಾಣುತ್ತೆ. ಅದು ಮೂರು ತಲೆಮಾರಿನಲ್ಲಿ ಹೋಯಿತು, ಯಾರೂ ಜಗಳ ಮಾಡಲಿಲ್ಲ. ನಾನು ಜಗಳ ಮಾಡುತ್ತೇನೆ.

ಬುಧವಾರ ಸಂಜೆ, ಧಾರವಾಡದಿಂದ

ಕೀಸುಳಿ ಹೋದದ್ದಕ್ಕೆ ನನಗೂ ಅಷ್ಟೇ ಸಂಕಟ. ಆದರೆ ಅದನ್ನು ಕಿತ್ತುಕೊಂಡದ್ದು ಸಂಸ್ಕೃತ ಅಲ್ಲರೀ, ಕರೆಂಟಿನ ಮಿಷನ್ನು. ಮಿಷನ್ ಬಂತು, ಅದರ ಹೆಸರೂ ಬಂತು. ನೀವು ಸಾವಿರ ವರ್ಷ ಹಿಂದೆ ಬಂದವರ ಮೇಲೆ ಕೇಸು ಹಾಕುತ್ತಿದ್ದೀರಿ. ಮೇರುವನ್ನು ಈ ಮೇಡಂ ಅವರ ತಂದೆ ಕೈಯಲ್ಲಿ ಕೆತ್ತಿ, ಬಾಯಲ್ಲಿ ಹೇಳಿ, ಮಗಳ ಕಿವಿಗೆ ಹಾಕಿದ್ದಾರೆ. ಅದನ್ನು ತೆಗೆದು ಹಾಕಿ ‘ನರಗಟ್ಟೆ’ ಕೂರಿಸಿದರೆ ಉಳಿದಿರುವ ಒಂದು ಮಾತನ್ನೂ ನೀವೇ ಕೀಸಿ ಹಾಕಿದಂತೆ.

ಮತ್ತೆ ಬೋರ್ಡಿನ ಮೇಲೆ ‘ನರ’ ಅಂತ ಕಂಡರೆ ಓದುವವರು ಆಸ್ಪತ್ರೆ ಅಂದುಕೊಳ್ಳುತ್ತಾರೆ. ಇದನ್ನು ಸೋಮವಾರವೇ ಹೇಳಬೇಕಿತ್ತು.

ಬುಧವಾರ ರಾತ್ರಿ, ಚಿಕ್ಕಮಗಳೂರಿನಿಂದ

ನಿಮ್ಮ ಜಗಳದ ಮಧ್ಯೆ ಒಂದು ಮಾತು. ಗಿಟಾರ್ ಮಾಡುವವರು ಹೇಗೂ ಬೆನ್ನಿಗೂ ಪಕ್ಕಕ್ಕೂ ಯಾವ ಮರ ಅಂತ ಬರೆಯುತ್ತಾರೆ. ದಯವಿಟ್ಟು ಅಲ್ಲಿ ‘ಇಂಡಿಯನ್ ರೋಸ್‌ವುಡ್’ ಅಂತ ಕನ್ನಡ ಅಕ್ಷರದಲ್ಲಿ ಬರೆಸಬೇಡಿ. ಅದು ಬೀಟೆ. ನಮ್ಮ ತೋಟದಲ್ಲಿ ನಿಂತಿದೆ.

ಮೊದಲೆಲ್ಲಾ ಅಮೆರಿಕದ ದೊಡ್ಡ ಕಂಪನಿಗಳು ಬ್ರೆಜಿಲಿನ ಮರ ಬಳಸುತ್ತಿದ್ದವು. 1960ರ ದಶಕದ ಕೊನೆಗೆ ಅದು ಸಿಕ್ಕುವುದು ಕಷ್ಟವಾಯಿತು, ಆಮೇಲೆ ನಮ್ಮ ಬೀಟೆಗೆ ತಿರುಗಿದರು. 1992ರಲ್ಲಿ ಬ್ರೆಜಿಲಿನ ಮರದ ವ್ಯಾಪಾರಕ್ಕೇ ಅಂತರರಾಷ್ಟ್ರೀಯ ತಡೆ ಬಂತು. 2017ರಲ್ಲಿ ಬೀಟೆಯ ಇಡೀ ಕುಲವೇ, ದೇಶದಿಂದ ದೇಶಕ್ಕೆ ಮಾರಲು ಪರವಾನಗಿ ಬೇಕಾದ ಮರಗಳ ಪಟ್ಟಿಗೆ ಸೇರಿತು. 2019ರಲ್ಲಿ ಮಾಡಿ ಮುಗಿಸಿದ ವಾದ್ಯಗಳಿಗೆ ಮಾತ್ರ ಸಡಿಲ ಕೊಟ್ಟರು. ನಾವು ಇಲ್ಲಿ ನಮ್ಮ ಜಮೀನಿನ ಬೀಟೆ ಕಡಿಯಬೇಕಾದರೂ ಅರಣ್ಯ ಇಲಾಖೆಯ ಅನುಮತಿ ಬೇಕು. ಅರ್ಜಿಯಲ್ಲಿ ನಾವು ಬರೆಯುವುದು ಬೀಟೆ ಅಂತಲೇ. ಜಗತ್ತಿನ ಎಷ್ಟೋ ಗಿಟಾರುಗಳ ಬೆನ್ನು ಪಶ್ಚಿಮ ಘಟ್ಟದ ಬೀಟೆ, ಆ ಮಾತು ಮಾತ್ರ ಘಟ್ಟ ಇಳಿಯಲೇ ಇಲ್ಲ. ಮೈಸೂರಿನಲ್ಲಿ ಬೀಟೆ ಮರದ ಕುಸುರಿ ಕೆಲಸ ಇಷ್ಟು ಹೆಸರುವಾಸಿ, ಅಲ್ಲೂ ಅಂಗಡಿ ಬೋರ್ಡಿನಲ್ಲಿ ರೋಸ್‌ವುಡ್ಡೇ.

ಫ್ರೆಟ್ ಹಲಗೆಗೆ ಹಾಕುವ ಎಬೊನಿಗೂ ಕರಿಮರ ಅನ್ನೋ ಹೆಸರಿದೆ. ಅದನ್ನೂ ಬರೆಸಿ.

ಗುರುವಾರ ಬೆಳಿಗ್ಗೆ, ಶಿವಮೊಗ್ಗದಿಂದ

ಬೀಟೆ, ಕರಿಮರ ಎರಡಕ್ಕೂ ನನ್ನ ಒಪ್ಪಿಗೆ ಇದೆ. ಮೇರುವಿಗೆ ಇಲ್ಲ. ಕಟ್ಟೆ ಅಂತಾದರೂ ಬರೆಸಿ.

ಗುರುವಾರ ಸಂಜೆ, ಮೈಸೂರಿನಿಂದ

ಎಲ್ಲರಿಗೂ ಮತ್ತೆ ನಮಸ್ಕಾರ. ನಾಳೆ ಬೆಳಿಗ್ಗೆ ಹತ್ತಕ್ಕೆ ಬರೆಯುವವರು ಬರುತ್ತಾರೆ.

ಶಿವಮೊಗ್ಗದ ಸರ್, ನಿಮ್ಮ ಕೀಸುಳಿ ಮಾತು ಓದಿ ನಿನ್ನೆಯಿಂದ ನಾನೂ ಶೆಡ್ಡಿನಲ್ಲಿ ಕೀಸುಳಿ ಅನ್ನುತ್ತಿದ್ದೇನೆ. ನನ್ನ ಹತ್ತಿರ ಕೆಲಸ ಕಲಿಯಲು ಬರುವ ಹುಡುಗಿಗೂ ಹಾಗೇ ಹೇಳಿದ್ದೇನೆ. ನರಗಟ್ಟೆ ಮಾತ್ರ ಆಗಲಿಲ್ಲ, ಕ್ಷಮಿಸಿ. ನನ್ನ ಲೆಕ್ಕ ಇಷ್ಟೇ. ತಂತಿವಾದ್ಯವನ್ನು ಕೈಯಲ್ಲಿ ಹಿಡಿದು ಕೆಲಸ ಮಾಡಿದವರ ಬಾಯಲ್ಲಿ ಒಂದು ಮಾತಿದ್ದರೆ ನಾನು ಮೊದಲು ಅದನ್ನು ತೆಗೆದುಕೊಳ್ಳುತ್ತೇನೆ. ಅದು ಎಲ್ಲಿಂದ ಬಂತು ಅಂತ ಆಮೇಲೆ ಕೇಳುತ್ತೇನೆ. ಅಂಥ ಮಾತು ಇಲ್ಲದ ಕಡೆ ಮನೆ ಕಟ್ಟುವವರ ಮಾತು. ಅದೂ ಇಲ್ಲದಿದ್ದರೆ ಬಿಡಿಸಿ ಹೇಳುವುದು.

ಮೇರು ಬರೆಸುವ ಮೊದಲು ಆ ಹುಡುಗನ ತಂದೆಗೇ ಫೋನ್ ಮಾಡಿದೆ. ಮಾಡಬೇಕೋ ಬೇಡವೋ ಅಂತ ಅರ್ಧ ದಿನ ಯೋಚನೆ ಮಾಡಿದ್ದೆ. “ಸರ್, ಅವತ್ತು ನಾನು ನಟ್ ಅಂದದ್ದು ಮೇರು. ಜಪಮಾಲೆಯ ಮೇರು ಇರುತ್ತಲ್ಲ, ಹಾಗೆ ತಂತಿಯ ಲೆಕ್ಕ ಶುರುವಾಗುವ ಜಾಗ. ಮೂಳೆಯಲ್ಲಿ ಕೆತ್ತಬೇಕು” ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ “ನೀವು ಕೈಯಲ್ಲೇ ಕೆತ್ತುತ್ತೀರಾ?” ಅಂದರು. ಹೌದು ಅಂದೆ. “ಹಾಗಾದರೆ ಸರಿ ಬಿಡಿ” ಅಂದರು. ಹತ್ತು ನಿಮಿಷದಲ್ಲಿ ಆಗದ್ದು ಒಂದು ನಿಮಿಷದಲ್ಲಿ ಆಯಿತು.

ಬೆಂಗಳೂರಿನ ಸರ್, ದುರಸ್ತಿ ಚೆನ್ನಾಗಿಯೇ ಇದೆ. ಆದರೆ ನಮ್ಮ ರಸ್ತೆಯಲ್ಲಿ ಸೈಕಲ್, ಮಿಕ್ಸಿ, ಚಪ್ಪಲಿ ಎಲ್ಲಾ ರಿಪೇರಿ ಆಗುತ್ತವೆ, ಗಿಟಾರ್ ಒಂದು ಬೇರೆ ಆಗುವುದು ಬೇಡ. ‘ಮಾಡುವುದು’ ಬಿಟ್ಟು ‘ಕಟ್ಟುವುದು’ ಅಂತ ಬರೆಸುತ್ತಿದ್ದೇನೆ. ಮನೆ ಕಟ್ಟುತ್ತೇವೆ, ಹೂ ಕಟ್ಟುತ್ತೇವೆ, ಮೇಡಂ ತಂದೆ ಮೇಳ ಕಟ್ಟುತ್ತಿದ್ದರು. ಆ ಮಾತನ್ನು ಅಷ್ಟಾದರೂ ಉಳಿಸಿಕೊಂಡೆ. ಬಡಗಿ ಅಂತ ಬರೆಸುವ ಮೊದಲು ನಮ್ಮ ಮನೆಯವಳನ್ನು ಕೇಳಿದೆ. ಅವಳು “ನೀವು ಅದೇ ತಾನೆ?” ಅಂದಳು.

ಬೋರ್ಡ್ ಹೀಗೆ:

ಗಿಟಾರ್ ಬಡಗಿ
ಗಿಟಾರ್ ಕಟ್ಟುವುದು, ರಿಪೇರಿ
ಬೀಟೆ, ಕರಿಮರ, ಹಲಸು

ಚೀಟಿಯಲ್ಲಿ ಹೀಗೆ:

ಹೊಸ ಮೇರು (ಮೂಳೆಯದು)
ಕುದುರೆ ಬಿಟ್ಟಿದ್ದರೆ ಮತ್ತೆ ಅಂಟಿಸುವುದು
ಹೊಸ ಜೀನು
ಹೊಸ ಮೆಟ್ಟಿಲು ಹಾಕುವುದು
ಮೆಟ್ಟಿಲು ಮಟ್ಟ ಮಾಡುವುದು
ಒಳಗಿನ ಜಂತೆ ಅಂಟಿಸುವುದು
ಬಿರಡೆ ಬದಲಿ
ತಂತಿಯ ಎತ್ತರ ಸರಿ ಮಾಡುವುದು

ಜೀನಿನ ಬಗ್ಗೆ ಒಂದು ಅಳುಕಿದೆ. ಬೇಗ ಓದಿದರೆ ಜೇನು ಅನ್ನಿಸುತ್ತೆ. ಅಚ್ಚಿನವರು ದೀರ್ಘವನ್ನು ಸರಿಯಾಗಿ ಹಾಕಿದರೆ ತೊಂದರೆ ಇಲ್ಲ ಅಂದುಕೊಂಡಿದ್ದೇನೆ. ಬಿರಡೆ ಅಂದರೆ ವೀಣೆಯಲ್ಲಿ ಮರದ ಗೂಟ, ಗಿಟಾರಿನಲ್ಲಿ ಹಲ್ಲಿನ ಚಕ್ರ ಇರುವ ಕಬ್ಬಿಣದ ಸಾಮಾನು. ಆದರೂ ಕೆಲಸ ಒಂದೇ ಅಂತ ಇಟ್ಟುಕೊಂಡೆ. ತಪ್ಪು ಕಂಡರೆ ನಾಳೆ ಒಂಬತ್ತರೊಳಗೆ ಬರೆಯಿರಿ.

ಗುರುವಾರ ರಾತ್ರಿ, ಶಿವಮೊಗ್ಗದಿಂದ

‘ಮಟ್ಟ’ ಇರಲಿ. ‘ಬದಲಿ’ ಅರಬ್ಬಿ. ‘ಹೊಸ ಬಿರಡೆ’ ಅಂತ ಬರೆಸಿ, ಮೇಲಿನ ಸಾಲುಗಳಿಗೂ ಹೊಂದುತ್ತೆ.

ಗುರುವಾರ ರಾತ್ರಿ, ಬೆಂಗಳೂರಿನಿಂದ (ವೀಣೆಯವರ ಮಗಳು)

ಇದು ಒಳ್ಳೆಯ ತಿದ್ದುಪಡಿ, ಹಾಗೇ ಮಾಡಿ. ಮತ್ತೆ ಬೋರ್ಡ್ ಬರೆಯುವವರಿಗೆ ಮೊದಲೇ ಹೇಳಿಬಿಡಿ, ಬಹಳ ಜನ ‘ರೀಪೇರಿ’ ಅಂತ ಬರೆದುಬಿಡುತ್ತಾರೆ. ‘ರಿ’ಗೆ ದೀರ್ಘ ಬೇಡ.